ಕಂಚಿನ ಪಾದದ ತಂಪು

ಬಸ್ತಿಕೊಪ್ಪಲಿನ ಬಸದಿಯಲ್ಲಿ, ಮೂಲಸ್ವಾಮಿಯ ಬಲಕ್ಕೆ, ಮೊಣಕಾಲೆತ್ತರದ ಕಲ್ಲುಕಟ್ಟೆಯ ಮೇಲೆ ಒಂದು ಜೊತೆ ಕಂಚಿನ ಪಾದಗಳಿದ್ದವು. ಹಿಂದೆ ಯಾವುದೋ ಕಾಲದಲ್ಲಿ ಆ ಊರಿನಲ್ಲಿ ಸಮಾಧಿ ಹೊಂದಿದ ಮುನಿಗಳೊಬ್ಬರ ಪಾದಗಳೆಂದು ಅವನ್ನು ಪೂಜಿಸುತ್ತಿದ್ದರು. ಮುನಿಗಳ ಹೆಸರು ಯಾರಿಗೂ ತಿಳಿಯದು. ಊರಿನ ಶ್ರಾವಕರು ಯಾವ ವ್ರತ ಹಿಡಿಯಬೇಕಾದರೂ ಮೊದಲು ಸ್ನಾನ ಮಾಡಿ, ಮಡಿಯುಟ್ಟು, ಬಲ ಅಂಗೈಯನ್ನು ಆ ಪಾದಗಳ ಮೇಲೆ ಇಡಬೇಕು. ಇಟ್ಟು, “ಪಾದ ತಣ್ಣಗಿದೆ” ಎಂದು ನೆರೆದವರಿಗೆ ಕೇಳುವಂತೆ ಹೇಳಬೇಕು. ಹೇಳಿದರೆ ಮುನಿಗಳು ಒಪ್ಪಿದರೆಂದು ಅರ್ಥ.

ಆ ಮಾತು ಹೇಳುವುದು ಯಾರಿಗೂ ಕಷ್ಟವಾಗಿರಲಿಲ್ಲ. ಗರ್ಭಗುಡಿಯ ಕತ್ತಲಲ್ಲಿ ಕೂತ ಗಟ್ಟಿ ಕಂಚು ಅದು. ಚೈತ್ರದ ಬಿಸಿಲಿನಲ್ಲಿ ನಡೆದು ಬಂದವರ ಅಂಗೈಯ ಕಾವನ್ನು ಸಹ ಮುಟ್ಟಿದ ಕೂಡಲೆ ಹೀರಿಕೊಳ್ಳುತ್ತಿತ್ತು. ತಂಪು ಮೊಣಕೈವರೆಗೆ ಏರಿತು ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು.

ಹಾಲು, ಮೊಸರು, ಎಳನೀರಿನ ಅಭಿಷೇಕದಿಂದಲೂ ಹುಣಿಸೆಹಣ್ಣಿನ ಉಜ್ಜಾಟದಿಂದಲೂ ಪಾದಗಳ ಬೆರಳು ಸವೆದು ಹೋಗಿದ್ದವು. ಎಡ ಹಿಮ್ಮಡಿಯಲ್ಲಿ ಗುಳಿ ಬಿದ್ದಿತ್ತು. ಆ ವರ್ಷ ಮುನಿಸಂಘವೊಂದು ಹಳೇಬೀಡಿನಲ್ಲಿ ಚಾತುರ್ಮಾಸ್ಯಕ್ಕೆ ನಿಲ್ಲುತ್ತದೆಂದು ಸುದ್ದಿ ಬಂತು. ಬಸದಿಯ ಉಸ್ತುವಾರಿ ನೋಡುತ್ತಿದ್ದ ಕೊಬ್ಬರಿ ವ್ಯಾಪಾರಿ ನೇಮಿಚಂದ್ರಯ್ಯನವರಿಗೆ ಚಿಂತೆ ಹತ್ತಿತು. ಹಾಸನದಿಂದ, ಬೇಲೂರಿನಿಂದ ಜನ ಬರುತ್ತಾರೆ. ಬೆರಳಿಲ್ಲದ ಪಾದ ನೋಡಿ ಏನಂದುಕೊಂಡಾರು? ಒಂದು ದಿನ ಅವರು ಪಾದಗಳನ್ನು ರೇಷ್ಮೆ ಪಂಚೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಅರಸೀಕೆರೆಯ ಬಸ್ಸು ಹತ್ತಿದರು.

ಅರಸೀಕೆರೆಯಲ್ಲಿ ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡೊಂದರಲ್ಲಿ ಜಿನದತ್ತ ಲೋಹ ಎರಚುವ ಯಂತ್ರ ಇಟ್ಟುಕೊಂಡಿದ್ದ. ಬಸ್ತಿಕೊಪ್ಪಲಿನ ಕಾಂಚನಮಾಲಮ್ಮನವರ ಮೊಮ್ಮಗ, ಡಿಪ್ಲೊಮಾ ಓದಿದವನು. ಎಣ್ಣೆ ಗಿರಣಿಗಳ ಸವೆದ ಶಾಫ್ಟುಗಳು ಅವನಲ್ಲಿಗೆ ಬರುತ್ತಿದ್ದವು. ಎರಡು ತಂತಿಗಳ ತುದಿ ಎದುರುಬದುರಾಗುವ ಕಡೆ ವಿದ್ಯುತ್ತಿನ ಉರಿ ಹೊತ್ತಿ ತಂತಿ ಕರಗುತ್ತದೆ. ಹಿಂದಿನಿಂದ ರಭಸವಾಗಿ ಬರುವ ಗಾಳಿ ಕರಗಿದ್ದನ್ನು ಹನಿಹನಿಯಾಗಿ ಸವೆದ ಜಾಗಕ್ಕೆ ಎರಚುತ್ತದೆ. ಹನಿಗಳು ಒಂದರ ಮೇಲೊಂದು ಬಡಿದು, ಚಪ್ಪಟೆಯಾಗಿ, ಅಲ್ಲೇ ಹೆಪ್ಪುಗಟ್ಟುತ್ತವೆ.

“ಏನಪ್ಪಾ ಜಿನದತ್ತ, ಶಾಫ್ಟುಗಳಿಗೆ ಕಬ್ಬಿಣದ ಅಭಿಷೇಕ ಮಾಡ್ತೀಯಂತೆ,” ಎಂದರು ನೇಮಿಚಂದ್ರಯ್ಯ. “ನಮ್ಮ ಮುನಿಗಳಿಗೂ ಒಂದು ಕಂಚಿನ ಅಭಿಷೇಕ ಮಾಡಪ್ಪಾ.”

ಜಿನದತ್ತ ಪಂಚೆ ಬಿಚ್ಚಿ ನೋಡಿ ಕೈ ಹಿಂದೆ ತೆಗೆದುಕೊಂಡ. “ಇದನ್ನ ಇಲ್ಲಿಗೆ ತರಬಹುದಾ ದೊಡ್ಡಪ್ಪ? ಮೊದಲು ಮರಳು ಹೊಡೆದು ಮೈಯೆಲ್ಲ ತರಿತರಿ ಮಾಡಬೇಕು. ಇಲ್ಲದಿದ್ರೆ ಮೇಲಿನ ಕಂಚು ಹಿಡಿಯಲ್ಲ.”

“ತಲೆಗೂದಲು ಕಿತ್ತು ಕೇಶಲೋಚ ಮಾಡಿದ ಹಾಗೆ ಅಂದ್ಕೋ. ಮುನಿಗಳಿಗೆ ಅದೇನು ಹೊಸದಾ?”

“ಪೂಜೆ ಆಗೋ ಪಾದ.”

“ಪೂಜೆ ಆಗೋದು ಒಳಗಿರೋದಕ್ಕೆ ಕಣೋ, ಮೇಲಿನ ತೊಗಲಿಗಲ್ಲ. ನೀನು ಮಾಡು. ಊರಲ್ಲಿ ಬಾಯಿ ಬಿಡಬೇಡ. ತೊಳೆಸ್ಕೊಂಡು ಬಂದೆ ಅಂತ ನಾನು ಹೇಳ್ಕೋತೀನಿ.”

ಜಿನದತ್ತ ಸ್ನಾನ ಮಾಡಿ ಬಂದು, ಉಪವಾಸವಿದ್ದು, ಆ ಕೆಲಸ ಮಾಡಿದ. ಶ್ರದ್ಧೆ ಹೆಚ್ಚಾಗಿ, ಶಾಫ್ಟಿಗೆ ಎರಚುವುದಕ್ಕಿಂತ ದಪ್ಪವಾಗಿಯೇ ಎರಚಿದ. ಹೀಗೆ ಕೂಡಿಸಿದ ಲೋಹದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಹಾಲು ಮೊಸರು ಅವುಗಳಲ್ಲಿ ಇಳಿದು ಹುಳಿಯಾದೀತೆಂದು ಮೇಲೆ ರಾಳ ಉಣಿಸಿ ಒಣಗಿಸಿದ. ಅರದಿಂದ ಬೆರಳುಗಳನ್ನು ತಿದ್ದಿ, ಉಜ್ಜಿ ಹೊಳಪು ಕೊಟ್ಟ. ಪಾದಗಳು ಊರಿಗೆ ಹಿಂತಿರುಗಿದಾಗ ಹೆಂಗಸರು ಕಣ್ಣರಳಿಸಿದರು. ತೊಳೆದರೆ ಬೆರಳು ಬೆಳೆಯುತ್ತವೆಯೇ ಎಂದು ಯಾರೂ ಕೇಳಲಿಲ್ಲ. ದೇವರ ವಿಷಯದಲ್ಲಿ ಜನ ಕೇಳದೆ ಬಿಡುವುದೇ ಹೆಚ್ಚು.

ಆಷಾಢದಲ್ಲಿ ಕೆಲವರು ಚಾತುರ್ಮಾಸ್ಯದ ವ್ರತಗಳನ್ನು ಹಿಡಿದರು. ಅಂಗೈ ಇಟ್ಟವರಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಹಿಂದಿನ ತಂಪು ಏರಲಿಲ್ಲ. ಮಣೆಯ ಮೇಲೆ ಕೈಯಿಟ್ಟ ಹಾಗಿತ್ತು. ಪ್ರತಿಯೊಬ್ಬರೂ ತಮ್ಮಲ್ಲೇ ಏನೋ ದೋಷವಿದೆಯೆಂದು ಹೆದರಿ, ಪಕ್ಕದವರಿಗೆ ತಿಳಿಯಬಾರದೆಂದು, “ಪಾದ ತಣ್ಣಗಿದೆ” ಎಂದು ಗಟ್ಟಿಯಾಗಿ ಹೇಳಿ ಮನೆಗೆ ಹೋದರು.

ಆ ಮಳೆಗಾಲದಲ್ಲಿಯೇ ಕಾಂಚನಮಾಲಮ್ಮನವರಿಗೆ ಅನ್ನನಾಳದಲ್ಲಿ ಗಂಟು ಎಂದು ಗೊತ್ತಾಯಿತು. ಹಾಸನದ ಡಾಕ್ಟರು ನೋಡಿ, ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ ಎಂದರು. ಅವರು ಕೇಳಿದ್ದು ಒಂದೇ, ಅನ್ನನೀರು ಬಿಟ್ಟು ದೇಹ ತೊರೆಯುವ ಸಲ್ಲೇಖನ. ಮದುವೆಯಾಗಿ ಬಂದ ವರ್ಷದಿಂದ ಸೂರ್ಯ ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟದ ಹೆಂಗಸು. ಸುಳ್ಳು ಹೇಳುವುದಿಲ್ಲವೆಂಬ ವ್ರತವನ್ನೂ ಹಿಡಿದವರು. ತೆಂಗಿನ ತೋಟದ ಜಗಳಗಳಲ್ಲಿ ಎರಡು ಕಡೆಯವರೂ ಅವರನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಹೇಗೂ ಅನ್ನ ಇಳಿಯದ ಗಂಟಲು. ನರಳುತ್ತ ಹೋಗುವ ಬದಲು, ವ್ರತದಲ್ಲಿ, ಮುನಿಗಳ ಎದುರಿನಲ್ಲಿ, ಎಚ್ಚರವಿದ್ದು ಹೋಗಬೇಕು ಎಂಬುದು ಅವರ ಆಸೆ. ಬೇರೆ ಯಾವ ಆಸೆಯೂ ಉಳಿದಿರಲಿಲ್ಲ. ಹಳೇಬೀಡಿನ ಮುನಿಗಳು ಕೇಳಿ, “ನಿಮ್ಮ ಊರಿನ ಪಾದದ ಪದ್ಧತಿ ನಡೆಯಲಿ. ಆಮೇಲೆ ಕರೆದುಕೊಂಡು ಬನ್ನಿ,” ಎಂದರು.

ಮಗ ಶಾಂತಿನಾಥ ಮತ್ತು ಆಳು ದ್ಯಾವಯ್ಯ ಅವರನ್ನು ಕುರ್ಚಿಯಲ್ಲಿ ಕೂರಿಸಿ ಬಸದಿಗೆ ಹೊತ್ತು ತಂದರು. ದ್ಯಾವಯ್ಯ ಬಾಗಿಲಲ್ಲೇ ನಿಂತ. ಊರಿನ ಶ್ರಾವಕರೆಲ್ಲ ಬಂದಿದ್ದರು. ಸಲ್ಲೇಖನ ನೋಡುವ ಪುಣ್ಯ ಎಲ್ಲರಿಗೂ ಸಿಗುವುದಲ್ಲ. ಸೊಸೆ ಪದ್ಮಲತಾ ಅತ್ತೆಯ ಮೊಣಕೈ ಹಿಡಿದು ಅಂಗೈಯನ್ನು ಪಾದಗಳ ಮೇಲೆ ಇರಿಸಿದಳು.

ಕಾಂಚನಮಾಲಮ್ಮ ಕಾದರು. ಕೈ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಇಟ್ಟರು.

“ತಣ್ಣಗಿಲ್ಲ,” ಎಂದರು.

ಶಾಂತಿನಾಥ ಬಗ್ಗಿ ಕಿವಿಯ ಹತ್ತಿರ, “ಅಮ್ಮ, ಜ್ವರದ ಕೈ ನಿಂದು. ತಣ್ಣಗಿದೆ ಅಂದುಬಿಡು,” ಎಂದ.

“ಜ್ವರದ ಕೈಗೆ ಇನ್ನೂ ತಣ್ಣಗಿರಬೇಕಲ್ಲೋ.”

“ಅಂದುಬಿಡಮ್ಮ. ಎಲ್ಲರೂ ಅಂತಾರೆ.”

“ಕೊನೇ ವ್ರತವನ್ನ ಸುಳ್ಳಿನಿಂದ ಹಿಡೀಲೇನೋ?”

ನೇಮಿಚಂದ್ರಯ್ಯನವರ ಮುಖ ಬಿಳುಚಿತು. ತಾವೂ ಆ ಆಷಾಢದಲ್ಲಿ ಅಂಗೈ ಇಟ್ಟು ಹೇಳಿದ್ದವರು. ಸುತ್ತ ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು. ಆಗ ಅವರು, “ಮುನಿಗಳು ಒಪ್ಪಲಿಲ್ಲ ಅಂದ್ರೆ ನಾವೇನು ಮಾಡೋಕಾಗುತ್ತೆ. ಒಳಗೆ ಏನಾದ್ರೂ ಉಳಿದಿದ್ರೆ ಬಾಯಿಬಿಟ್ಟು ಹೇಳಿ ಆಲೋಚನೆ ಮಾಡ್ಕೊಳ್ಳಿ ತಾಯಿ. ಆಮೇಲೆ ಬನ್ನಿ,” ಎಂದರು. ಅವರ ದನಿಯಲ್ಲಿ ಮರುಕವಿತ್ತು. ನಾಲ್ಕು ಜನರ ಎದುರಿಗೆ ಆಡುವ ಮರುಕ ಅದು.

ಹೊರಗೆ ಜಗಲಿಯ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ ಒಬ್ಬಳು ಇನ್ನೊಬ್ಬಳಿಗೆ, “ನಂಗೂ ಹಂಗೇ ಅನ್ನಿಸಿತ್ತು ಕಣೇ,” ಎಂದಳು.

“ಮುಚ್ಚೇ ಬಾಯಿ. ನಿನ್ನ ಮಗಳ ಮದುವೆ ಇದೆ.”

ಮನೆಗೆ ಬಂದ ಮೇಲೆ ಕಾಂಚನಮಾಲಮ್ಮ ಮಲಗಿ ತಮ್ಮ ಬದುಕನ್ನು ಹಿಂದಿನಿಂದ ಕೆದಕತೊಡಗಿದರು. ಕಣಜದಲ್ಲಿ ಇರುವೆ ಗೂಡಿಗೆ ಬಿಸಿನೀರು ಸುರಿದದ್ದು. ಬಸುರಿಯಾಗಿದ್ದಾಗ, ಗೆಡ್ಡೆ ಸಲ್ಲದೆಂದು ತಿಳಿದೂ, ಗೆಣಸು ತಿಂದದ್ದು. ಸಣ್ಣತಾಯಮ್ಮನೆಂಬ ಕೂಲಿಯವಳ ಮಗುವಿಗೆ ಮಜ್ಜಿಗೆ ಇಲ್ಲವೆಂದದ್ದು. ಒಂದೊಂದನ್ನೂ ಮಗನಿಗೆ ಹೇಳಿದರು. ಶಾಂತಿನಾಥನಿಗೆ ಬೇಸರ ಬಂತು. “ಇದಕ್ಕೆಲ್ಲ ಪಾದ ಬಿಸಿಯಾಗೋದಾದ್ರೆ ಊರಲ್ಲಿ ಯಾರೂ ಮುಟ್ಟೋ ಹಾಗೇ ಇರ್ತಿರಲಿಲ್ಲ,” ಎಂದ.

“ಇನ್ನೊಂದಿದೆ,” ಎಂದರು ಅವರು. “ನಿನಗಲ್ಲ ಹೇಳಬೇಕಾದ್ದು. ಪದ್ಮಾನ ಕರಿ.”

ಪದ್ಮಲತಾ ಅಕ್ಕಿ ಆರಿಸುತ್ತಿದ್ದವಳು ಮೊರ ಹಿಡಿದುಕೊಂಡೇ ಬಂದಳು. ಕಣಕಟ್ಟೆಯ ಕಡೆಯಿಂದ ಬಂದವಳು ಅವಳು. ಜಿನದತ್ತ ಹೊಟ್ಟೆಯಲ್ಲಿದ್ದಾಗ ಅವಳ ತಂದೆ ತೀರಿಕೊಂಡಿದ್ದ. ತಂದೆ ಹಾಸಿಗೆ ಹಿಡಿದಾಗ ಅಣ್ಣ ಒಂದು ಮಾತು ಹೇಳಿ ಕಳಿಸಲಿಲ್ಲ, ಸಂಸ್ಕಾರ ಮುಗಿದ ಮೇಲೆ ಸುದ್ದಿ ಮುಟ್ಟಿಸಿದ ಎಂಬ ಕಹಿಗೆ ಅವಳು ತವರಿನ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದಳು. ಅಣ್ಣನೂ ಬರಲಿಲ್ಲ. ಹಬ್ಬಕ್ಕೆ ಅರಿಸಿನ ಕುಂಕುಮ ಬರುವ ತವರಿಲ್ಲದ ಹೆಂಗಸಾಗಿಯೇ ಅವಳ ಕೂದಲು ನರೆತಿತ್ತು.

“ಕೂತ್ಕೋ,” ಎಂದರು ಅತ್ತೆ. “ನಿಮ್ಮ ಅಪ್ಪನ ಕಡೆಯಿಂದ ಆಳು ಲಕ್ಕಪ್ಪ ಬಂದಿದ್ದ.”

“ಯಾವಾಗ?”

“ಆಗ. ನಿನ್ನ ನಾದಿನಿ ತ್ರಿಶಲಾ ಮದುವೆ ಹಿಂದಿನ ದಿನ. ‘ಯಜಮಾನ್ರು ಮಗಳ ಹೆಸ್ರು ಹಿಡ್ದು ಕರೀತಾವ್ರೆ, ಗಾಡಿ ತಂದಿವ್ನಿ, ಕಳ್ಸಿಕೊಡಿ ಅವ್ವಾರೆ’ ಅಂದ. ನೀನು ಹಿತ್ತಲಲ್ಲಿ ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ತಿದ್ದೆ. ಹುಷಾರಿಲ್ಲ, ಬರಲ್ಲ ಅಂತ ಹೇಳಿ ಕಳಿಸಿದೆ.”

ಪದ್ಮಲತಾ ಮೊರವನ್ನು ನೆಲಕ್ಕಿಟ್ಟಳು.

“ಮಾರನೇ ದಿನ ಧಾರೆ ಹೊತ್ತಿಗೆ ಮತ್ತೆ ಬಂದ. ಹೋಗಿಬಿಟ್ಟರು ಅಂದ. ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೆ ಸೂತಕ. ನಿನಗೆ ತಿಳಿದಿದ್ರೆ ನೀನು ಚಪ್ಪರದಿಂದ ಹೊರಗೆ ಕೂರಬೇಕಾಗಿತ್ತು. ಕಳಶ ಹಿಡಿಯೋರು ಬೇರೆ ಇರಲಿಲ್ಲ. ಲಕ್ಕಪ್ಪನ್ನ ಕೊಟ್ಟಿಗೇಲಿ ಕೂರಿಸಿ ಎಲೆ ಹಾಕಿಸಿದೆ. ದಿಬ್ಬಣ ಹೊರಟ ಮೇಲೆ ನಿನಗೆ ಹೇಳಿದೆ. ಈಗ ಬಂತು ಸುದ್ದಿ ಅಂದೆ.”

“ನೀವು ಸುಳ್ಳು ಹೇಳಲ್ಲ ಅಂತಾರಲ್ಲ ಅತ್ತೆ.”

“ಅದೊಂದೇ ಕಣೇ. ಅದಾದ ಮೇಲೇ ಆ ವ್ರತ ಹಿಡಿದದ್ದು.”

“ಅಣ್ಣ ಏನಂದ್ಕೊಂಡಿರಬೇಕು?”

“ಕರೆದ್ರೂ ತಂಗಿ ಬರಲಿಲ್ಲ ಅಂತ ಅಂದ್ಕೊಂಡಿರ್ತಾನೆ.”

ಶಾಂತಿನಾಥ ಏನೋ ಹೇಳಲು ಬಾಯಿ ತೆರೆದ. ಪದ್ಮಲತಾ ಅವನ ಕಡೆ ನೋಡಲಿಲ್ಲ. ಮೊರ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಉಳಿದ ಅಕ್ಕಿಯನ್ನು ಕಲ್ಲಿಲ್ಲದಂತೆ ಆರಿಸಿ ಮುಗಿಸಿದಳು. ಮಾರನೆಯ ದಿನ ಮೊದಲ ಬಸ್ಸಿಗೆ ಕಣಕಟ್ಟೆಗೆ ಹೊರಟಳು. ಯಾರನ್ನೂ ಕೇಳಲಿಲ್ಲ.

ಅಣ್ಣ ಸತ್ತು ಮೂರು ವರ್ಷವಾಗಿತ್ತು. ಅದನ್ನೂ ಅವಳಿಗೆ ಯಾರೂ ತಿಳಿಸಿರಲಿಲ್ಲ. ಅತ್ತಿಗೆ ಬಾಗಿಲಿಗೆ ಅಡ್ಡವಾಗಿ ನಿಂತು, ತಂಬಿಗೆಯಲ್ಲಿ ನೀರು ಕೊಟ್ಟಳು. ಪದ್ಮಲತಾ ನಡೆದದ್ದನ್ನೆಲ್ಲ ಹೇಳಿದಳು. ಅತ್ತಿಗೆ ಪೂರ್ತಿ ಕೇಳಿದಳು. “ಈಗ ಹೇಳಿ ಏನು ಪ್ರಯೋಜನ ಪದ್ಮಕ್ಕ. ಅವರು ಹೋಗೋವರೆಗೂ ನಿಮ್ಮನ್ನ ಬೈತಾನೇ ಇದ್ರು. ಬೈಯೋದಕ್ಕೋಸ್ಕರನಾದ್ರೂ ಹೆಸರು ತೆಗೀತಿದ್ರು,” ಎಂದಳು. ಒಳಗೆ ಬಾ ಎನ್ನಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಪದ್ಮಲತಾ ಹಿಂತಿರುಗಿದಳು.

ಇತ್ತ ಕಾಂಚನಮಾಲಮ್ಮ ಹಗುರಾಗಿದ್ದರು. ಇದೇ ಮುಳ್ಳು, ಇದು ಹೋಯಿತು ಎಂದು ನಂಬಿದ್ದರು. ಮತ್ತೆ ಕುರ್ಚಿಯಲ್ಲಿ ಕೂತು ಬಸದಿಗೆ ಹೋದರು. ಈ ಸಲ ಬಂದವರು ಕಡಿಮೆ. ಪದ್ಮಲತಾ ಮೊಣಕೈ ಹಿಡಿಯಲು ಬರಲಿಲ್ಲ. ಕಂಬದ ಹತ್ತಿರ ನಿಂತಿದ್ದಳು. ಮುದುಕಿ ತಾವೇ ಬಗ್ಗಿ, ಎರಡು ಅಂಗೈಗಳನ್ನೂ ಪಾದಗಳ ಮೇಲೆ ಊರಿ, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೆಯೇ ಇದ್ದರು. ಎರಚಿದ ಕಂಚು ಆ ಕೈಗಳ ಕಾವನ್ನು ಒಳಗೆ ಬಿಡಲಿಲ್ಲ; ಮೇಲೇ ಇಟ್ಟುಕೊಂಡಿತು. ಊರಿದಷ್ಟೂ ಹೊತ್ತು ಅದು ಇನ್ನೂ ಬೆಚ್ಚಗಾಯಿತು.

ಅವರು ಏನೂ ಹೇಳದೆ ಕೈ ತೆಗೆದರು. ಕುರ್ಚಿ ಎತ್ತಿ ಎಂದು ಸನ್ನೆ ಮಾಡಿದರು.

“ಇನ್ನೂ ಏನೋ ಇಟ್ಕೊಂಡಿದ್ದಾರೆ,” ಎಂದ ಒಬ್ಬ, ಅವರು ಹೊಸ್ತಿಲು ದಾಟುವ ಮೊದಲೇ. “ತೋಟದ ಬೇಲಿ ವಿಷಯದಲ್ಲಿ ನಮ್ಮಪ್ಪನ ವಿರುದ್ಧ ಸಾಕ್ಷಿ ಹೇಳಿದ್ರಲ್ಲ, ಅದಿರಬೇಕು.” ಅಂದಿನಿಂದ ಅವರ ಹಳೆಯ ಸಾಕ್ಷಿಗಳೆಲ್ಲ ಊರಿನಲ್ಲಿ ಮತ್ತೆ ವಿಚಾರಣೆಗೆ ಬಂದವು. ಸೋತಿದ್ದವರೆಲ್ಲ ನ್ಯಾಯ ತಮ್ಮದೇ ಇತ್ತೆಂದರು.

ಮನೆಯಲ್ಲಿ ಪದ್ಮಲತಾ ಅತ್ತೆಯ ಸೇವೆಯನ್ನು ತಾನೇ ವಹಿಸಿಕೊಂಡಳು. ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಮೈ ಒರೆಸಿ, ಬಟ್ಟೆ ಬದಲಾಯಿಸಿ, ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ನೋಡಿದವರು ಇಂಥ ಸೊಸೆ ಸಿಗಬೇಕೆಂದರು. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಚಮಚ ಚಮಚವಾಗಿ ಇಳಿಸುತ್ತಿದ್ದಳು. ಬೆಳಿಗ್ಗೆ ಕೊಟ್ಟಳು, ಮಧ್ಯಾಹ್ನ ಕೊಟ್ಟಳು. ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಬಟ್ಟಲು ಹಿಡಿದು ಬಂದಳು.

ಕಾಂಚನಮಾಲಮ್ಮ ಕಿಟಕಿಯ ಕಡೆ ನೋಡಿದರು. “ಹೊತ್ತು ಮುಳುಗಿದೆ ಪದ್ಮಾ.”

“ಹೌದು.”

“ನಾನು ಮುಟ್ಟಲ್ಲವಲ್ಲ.”

“ಅದು ವ್ರತ ಇದ್ದೋರಿಗೆ ಅತ್ತೆ. ನಿಮ್ಮನ್ನ ಪಾದ ಒಪ್ಪಲಿಲ್ಲ. ವ್ರತ ಇಲ್ಲದೆ ಉಪವಾಸ ಬಿದ್ದು ಹೋದ್ರೆ ದೋಷ ಮನೆಗೆ ಬರುತ್ತೆ. ಬಾಯಿ ತೆಗೀರಿ.”

ಮುದುಕಿ ಸೊಸೆಯ ಮುಖವನ್ನೇ ನೋಡಿದರು. ಅಲ್ಲಿ ಕೋಪವೇನೂ ಕಾಣಲಿಲ್ಲ. ಆಮೇಲೆ ಬಾಯಿ ತೆರೆದರು. ಆ ಮೊದಲ ತುತ್ತು ಗಂಟಲಲ್ಲಿ ನಿಂತು ಮೂಗಿನಿಂದ ಬಂತು. ಪದ್ಮಲತಾ ಒರೆಸಿ, ಎರಡನೆಯ ಚಮಚ ಹಿಡಿದಳು. ಅಂದಿನಿಂದ ದಿನವೂ ದೀಪ ಹಚ್ಚಿದ ಮೇಲೆಯೇ ಬಟ್ಟಲು ಬರತೊಡಗಿತು. ಶಾಂತಿನಾಥ ಆ ಹೊತ್ತಿಗೆ ಕೊಟ್ಟಿಗೆಯಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದ.

ಅರಸೀಕೆರೆಯಲ್ಲಿದ್ದ ಜಿನದತ್ತನಿಗೆ ಈ ಸಂಗತಿ ತಡವಾಗಿ ಮುಟ್ಟಿತು. ಕೊಬ್ಬರಿ ಮಾರಲು ಬಂದ ದ್ಯಾವಯ್ಯ ಶೆಡ್ಡಿನ ಬಾಗಿಲಲ್ಲಿ ಬೀಡಿ ಹಚ್ಚುತ್ತ ಹೇಳಿದ. “ನಿಮ್ಮಜ್ಜಿಗೆ ಪಾದ ಒಲೀಲಿಲ್ವಂತೆ ಬುದ್ದಿ. ಎಲ್ರ ಕೈಗೂ ತಣ್ಗೈತಂತೆ, ಅಜ್ಜೀರ ಕೈಗೆ ಮಾತ್ರ ಇಲ್ವಂತೆ.”

ಜಿನದತ್ತ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. ಎರಚಿದ ಲೋಹ ಕಾವನ್ನು ಸರಿಯಾಗಿ ಸಾಗಿಸುವುದಿಲ್ಲವೆಂಬುದು ಅವನಿಗೆ ದಿನವೂ ಕೈಗೆ ಗೊತ್ತಾಗುವ ವಿಷಯ. ಗಟ್ಟಿ ಕಂಚಿನಲ್ಲಿ ಕಾವು ನೀರಿನಂತೆ ಹರಿದುಹೋಗುತ್ತದೆ. ಎರಚಿದ್ದರಲ್ಲಿ ಹಾಗಲ್ಲ. ಅಲ್ಲಿ ಹನಿಗಳು ಗೋಡೆಗೆ ತಟ್ಟಿದ ಬೆರಣಿಯ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದೊಂದರ ನಡುವೆಯೂ ಕಿಲುಬಿನ ತೆಳು ಪೊರೆ, ಅಲ್ಲಲ್ಲಿ ಗಾಳಿ. ಕಾವು ಬೆರಣಿಯಿಂದ ಬೆರಣಿಗೆ ದಾಟಲಾರದೆ ಮೇಲೇ ನಿಲ್ಲುತ್ತದೆ. ಅದರ ಮೇಲೆ ಅವನು ರಾಳ ಬೇರೆ ಉಣಿಸಿದ್ದ. ತಂಪು ಎಂದು ಜನ ಅನ್ನುತ್ತಿದ್ದದ್ದು ಪಾದದಲ್ಲಿ ಇದ್ದದ್ದಲ್ಲ. ಕಂಚು ಅವರ ಅಂಗೈಯಿಂದ ಎಳೆದುಕೊಳ್ಳುತ್ತಿದ್ದ ಕಾವು. ಆ ಎಳೆತವನ್ನು ಅವನೇ ನಿಲ್ಲಿಸಿದ್ದ.

ಆ ದಿನವೇ ಊರಿಗೆ ಹೋಗಿ ನೇಮಿಚಂದ್ರಯ್ಯನವರನ್ನು ಕಂಡ. ಅವರು ಕೊಬ್ಬರಿ ರಾಶಿಯ ಪಕ್ಕ ಕೂತಿದ್ದರು.

“ಎಲ್ಲರೆದುರಿಗೆ ಹೇಳಿಬಿಡಿ ದೊಡ್ಡಪ್ಪ. ಪಾದಕ್ಕೆ ಮೇಲೆ ಕಂಚು ಎರಚಿಸಿದ್ದು, ಅದಕ್ಕೆ ತಂಪು ಹತ್ತಲ್ಲ ಅಂತ. ಅಜ್ಜಿ ಹೋಗೋದರೊಳಗೆ ವ್ರತ ಸಿಗಲಿ.”

“ಹೇಳ್ತೀನಿ,” ಎಂದರು ಅವರು, “ಆಮೇಲೆ? ಈ ಮಳೆಗಾಲದಲ್ಲಿ ವ್ರತ ಹಿಡಿದೋರೆಲ್ಲ ತಣ್ಣಗಿದೆ ಅಂದಿದ್ದಾರೆ. ಅವರೆಲ್ಲ ಸುಳ್ಳರು ಅಂತ ನಾನು ಡಂಗುರ ಹೊಡೀಲಾ? ಮರಳು ಹೊಡೆದ ಪಾದಕ್ಕೆ ಇಷ್ಟು ದಿನ ಅಡ್ಡ ಬಿದ್ದಿದ್ದೀರಿ ಅಂತ ಹೇಳಲಾ? ಹಳೇಬೀಡಲ್ಲಿ ಮುನಿಗಳು ಕೂತಿದ್ದಾರೆ ಕಣೋ.”

“ನಮ್ಮಜ್ಜಿ ದಿನಾ ಸಾಯ್ತಿದ್ದಾರೆ.”

“ನಿಮ್ಮಜ್ಜಿ ತಣ್ಣಗಿದೆ ಅಂದಿದ್ರೆ ಮುಗಿದಿತ್ತು. ನಾವೆಲ್ಲ ಅನ್ನಲಿಲ್ವ?” ಒಂದು ಕೊಬ್ಬರಿ ಗಿಟುಕನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ರಾಶಿಗೆ ಹಾಕಿದರು. “ಅಷ್ಟಕ್ಕೂ ಒಳಗಿದ್ದದ್ದು ಹೊರಗೆ ಬಂತಲ್ಲ. ನಿಮ್ಮಮ್ಮನಿಗೆ ಮಾಡಿದ್ದು ಏನೂ ಸಣ್ಣದಲ್ಲ. ಮುನಿಗಳು ನಿನ್ನ ಕೈಯಿಂದಲೇ ಅದನ್ನ ಹೊರಗೆ ಹಾಕಿಸಿದ್ರು ಅಂದ್ಕೋ.”

ತಾಯಿಗೆ ಅಜ್ಜಿ ಏನು ಮಾಡಿದ್ದರೆಂಬುದು ಜಿನದತ್ತನಿಗೆ ಅಲ್ಲಿಯೇ ಮೊದಲ ಬಾರಿ ತಿಳಿದದ್ದು. ಅಷ್ಟರಲ್ಲಿ ಊರಿಗೆಲ್ಲ ಹಬ್ಬಿದ್ದ ಆ ಮಾತನ್ನು ನೇಮಿಚಂದ್ರಯ್ಯನವರು ವಿವರವಾಗಿ ಹೇಳಿದರು.

ಅವನು ಅಜ್ಜಿಯ ಹಾಸಿಗೆಯ ಬಳಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದ. ಅಜ್ಜಿ ಅವನ ತಲೆ ಸವರಿದರು. “ನನ್ನ ಸಮಾಧಾನಕ್ಕೆ ಹೇಳ್ತೀಯ ಮಗು. ನಿಮ್ಮಪ್ಪನೂ ಹೀಗೇ, ಅಂದುಬಿಡು ಅಂದ. ನಿಮಗೆ ನನ್ನ ಮೇಲೆ ಪ್ರೀತಿ.”

“ಪ್ರೀತಿಯಿಂದಲ್ಲ ಅಜ್ಜಿ, ನಿಜವಾಗಿ.”

“ಪ್ರೀತಿ ಇದ್ದೋರು ಹೇಳಿದ್ದು ನಂಬೋದು ಹೇಗೋ?”

ಅವನು ಮತ್ತೆ ಅರಸೀಕೆರೆಗೆ ಹೋದ. ಒಂದೇ ಕಂಚಿನ ಗಟ್ಟಿಯಿಂದ ಅಂಗೈಯಗಲದ ಎರಡು ತುಂಡು ಕೊಯ್ದ. ಒಂದನ್ನು ಹಾಗೆಯೇ ಬಿಟ್ಟ. ಇನ್ನೊಂದಕ್ಕೆ, ಪಾದಗಳಿಗೆ ಮಾಡಿದಂತೆಯೇ, ಮರಳು ಹೊಡೆದು, ಕಂಚು ಎರಚಿ, ರಾಳ ಉಣಿಸಿ, ಉಜ್ಜಿದ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದವು. ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡಿದ. ಮಗುವಿಗೂ ಗೊತ್ತಾಗುವಷ್ಟು ಅಂತರವಿತ್ತು. ರಾಳ ಒಣಗಲು ಕಾಯಬೇಕಾಯಿತು. ಊರಿಗೆ ಬರುವ ದಾರಿಯಲ್ಲಿ ಮಾದಿಹಳ್ಳಿಯ ಹತ್ತಿರ ರಸ್ತೆಯ ಮೇಲೆ ನೀರು ಹರಿದು ಬಸ್ಸು ನಿಂತಿತು. ಮನೆ ಮುಟ್ಟುವಾಗ ದೀಪ ಹಚ್ಚಿದ್ದರು.

ಪದ್ಮಲತಾ ಬಟ್ಟಲು ಹಿಡಿದು ಹಾಸಿಗೆಯ ಪಕ್ಕ ಕೂತಿದ್ದಳು. ಕಾಂಚನಮಾಲಮ್ಮ ತೀರ ಇಳಿದುಹೋಗಿದ್ದರು. ಎಚ್ಚರ ಮಾತ್ರ ಇತ್ತು.

“ಅಜ್ಜಿ, ಇದನ್ನ ಮುಟ್ಟಿ ನೋಡಿ. ಆಮೇಲೆ ಇದನ್ನ. ಯಾವುದು ತಣ್ಣಗಿದೆ ಹೇಳಿ ಸಾಕು.”

ಅವರ ಬಲಗೈ ಹಿಡಿದು ಗಟ್ಟಿ ಕಂಚಿನ ಮೇಲೆ ಇರಿಸಿದ. ಹಿಡಿದ ಕೂಡಲೆ ಅವನಿಗೆ ತಿಳಿಯಿತು. ಆ ಕೈ ಮಣಿಕಟ್ಟಿನವರೆಗೆ ತಣ್ಣಗಾಗಿತ್ತು. ಮಳೆಯಲ್ಲಿ ಬಂದ ಕಂಚಿಗೂ ಆ ಅಂಗೈಗೂ ಹೆಚ್ಚು ಕಡಿಮೆ ಇರಲಿಲ್ಲ. ಬೆಚ್ಚಗಿನ ಕೈಯಿಂದ ಮಾತ್ರ ಕಂಚು ಕಾವನ್ನು ಎಳೆಯುತ್ತದೆ. ಎಳೆಯಲು ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ಅವನು ಎರಡನೆಯ ತುಂಡಿನ ಮೇಲೂ ಆ ಕೈಯನ್ನು ಇರಿಸಿದ.

“ಗೊತ್ತಾಗ್ತಿಲ್ಲ ಮಗು,” ಎಂದರು ಅಜ್ಜಿ.

“ತಡೀರಿ, ಕೈ ಕಾಯಿಸ್ತೀನಿ.” ಅವನು ಅವರ ಅಂಗೈಗಳನ್ನು ತನ್ನ ಕೈಗಳ ನಡುವೆ ಹಿಡಿದು ಉಜ್ಜಿದ. ಚರ್ಮ ಕಾಗದದಂತೆ ಸರಿಯಿತು. ಅವರು ನೋವಿನಿಂದ ಮುಖ ಹಿಂಡಿದರು. “ಅಮ್ಮ, ಸ್ವಲ್ಪ ಬಿಸಿನೀರು ತಾರಮ್ಮ.”

ಪದ್ಮಲತಾ ಏಳಲಿಲ್ಲ.

“ಸಾಕು ಬಿಡು,” ಎಂದರು ಕಾಂಚನಮಾಲಮ್ಮ. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. ಆಮೇಲೆ ತಲೆ ಹೊರಳಿಸಿ ಸೊಸೆಯ ಕಡೆ ನೋಡಿದರು. “ಪದ್ಮಾ, ನೀನು ಮುಟ್ಟಿ ಹೇಳೇ. ನೀನು ನನಗೋಸ್ಕರ ಸುಳ್ಳು ಹೇಳೋಳಲ್ಲ. ಅಂತರ ಇದೆ ಅಂತ ನೀನು ಅಂದ್ರೆ ನಂಬ್ತೀನಿ. ಬೆಳಿಗ್ಗೆ ಮುನಿಗಳ ಹತ್ರ ಹೇಳಿ ಕಳಿಸೋಣ.”

ಜಿನದತ್ತನ ಮುಖ ಅರಳಿತು. ಅವನು ಎರಡು ತುಂಡುಗಳನ್ನೂ ತಾಯಿಯ ಮುಂದೆ ಇಟ್ಟ.

ಪದ್ಮಲತಾ ಬಟ್ಟಲನ್ನು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಗಂಜಿಯ ಬಟ್ಟಲು ಹಿಡಿದಿದ್ದ ಅವಳ ಅಂಗೈ ಬೆಚ್ಚಗಿತ್ತು. ಮೊದಲ ತುಂಡಿನ ಮೇಲೆ ಇಟ್ಟಳು. ಕಂಚು ಅಂಗೈಯ ಕಾವನ್ನು ಎಳೆದುಕೊಂಡಿತು. ತಂಪು ಮಣಿಕಟ್ಟಿಗೆ ಏರಿತು. ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆಯ ಪಕ್ಕದಲ್ಲಿ ನಿಂತು, ಮೊದಲ ಬಾರಿ ಮುನಿಪಾದ ಮುಟ್ಟಿದಾಗ ಹೀಗೆಯೇ ಏರಿತ್ತು. ಎರಡನೆಯದರ ಮೇಲೆ ಇಟ್ಟಳು. ಏನೂ ಏರಲಿಲ್ಲ. ಮಗ ತನ್ನನ್ನೇ ನೋಡುತ್ತಿದ್ದುದು ಅವಳಿಗೆ ಗೊತ್ತಿತ್ತು. ಮತ್ತೊಮ್ಮೆ ಮೊದಲನೆಯದನ್ನು ಮುಟ್ಟಿದಳು. ಈ ಸಲ ಸ್ವಲ್ಪ ಹೆಚ್ಚು ಹೊತ್ತು ಕೈ ಅಲ್ಲೇ ಇತ್ತು.

“ಎರಡೂ ಒಂದೇ ಅತ್ತೆ,” ಎಂದಳು.

“ಅಮ್ಮ,” ಎಂದ ಜಿನದತ್ತ.

ಅವಳು ಅವನ ಕಡೆ ತಿರುಗಲಿಲ್ಲ. ಬಟ್ಟಲು ಎತ್ತಿಕೊಂಡು, ಆರಿದ ಗಂಜಿಯ ಕೆನೆಯನ್ನು ಚಮಚದಿಂದ ಪಕ್ಕಕ್ಕೆ ಸರಿಸಿದಳು.

ಕಾಂಚನಮಾಲಮ್ಮ ನಿಧಾನವಾಗಿ ತಲೆದೂಗಿ, ಬಾಯಿ ತೆರೆದರು.